ಸತ್ತ ಮನೆಯಲ್ಲಿ ಹಾಡು ಯಾಕ ಬೇಕು?



ಸತ್ತ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವುದು ಬರೇ ನಿದ್ದೆಗೇಡು ಎಂದು ಕೆಲವರು ಹೇಳುತ್ತಾರೆ. ನಾನೂ ಹಾಂಗೇ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಅದಕ್ಕೆ ಕಾರಣ ನಮ್ಮ ಆಯಿ.

2021ರ ಮೇ ತಿಂಗಳಲ್ಲಿ ನಮ್ಮ ಮುತ್ತ್ಯಾ ಕೊರೋನಾದಿಂದ ದವಾಖಾನೆಯಲ್ಲೇ ತೀರಿಕೊಂಡರು. ಮನೆಗೆ ತರಲು ಆಗಲಿಲ್ಲ. ಪ್ಲಾಸ್ಟಿಕ್‌ನಲ್ಲಿ ಸುತ್ತಿ ಅಲ್ಲಿಂದಲೇ ಒಯ್ದು ಮಣ್ಣು ಮಾಡಿದರು. ಬೇರೆ ಕಾಲವಾಗಿದ್ದರೆ ಮುತ್ತ್ಯಾನನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಹಚ್ಚಿ, ಹೂವು ಹಾಕುತ್ತಿದ್ದರು. ಭಜನೆಯವರು ಏಕತಾರಿ, ದಮ್ಮಡಿ, ತಾಳ ಹಿಡಿದು ಬೆಳಗಿನವರೆಗೆ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತಿದ್ದರು. ಅವರು ಚಹಾಕ್ಕೆ ನಿಂತಾಗ ಹೆಣ್ಣುಮಕ್ಕಳು ಸತ್ತವರ ಗುಣ ಒಂದೊಂದೇ ಹೇಳಿ ಹಾಡ್ಯಾಡಿ ಅಳುತ್ತಿದ್ದರು. ಇದ್ಯಾವುದೂ ಆಗಲಿಲ್ಲ. ಆಯಿ ಅಳಲೂ ಇಲ್ಲ. ಅಂಗಳದ ಕಸ ಹೊಡೆದಳು, ರೊಟ್ಟಿ ಬಡಿದಳು. ದಿನಾ ಎರಡು ರೊಟ್ಟಿ ಹೆಚ್ಚೇ ಬಡಿಯುತ್ತಿದ್ದಳು. ಅವ್ವ "ಅತ್ತು ಹಗುರಾಗ್ರಿ ಅತ್ತಿ" ಎಂದರೆ, "ಯಾರ ಮುಂದ ಕುಂತು ಅಳ್ಲಿ? ಮಾರಿನೇ ನೋಡಿಲ್ಲ" ಅನ್ನುತ್ತಿದ್ದಳು.

2022ರ ಆಗಸ್ಟ್‌ನಲ್ಲಿ ಮೊಹರಂಗೆ ಆಯಿಯನ್ನು ನಮ್ಮ ಅವ್ವನ ತವರೂರಿಗೆ ಕರಕೊಂಡು ಹೋದೆವು. ರಾತ್ರಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಿದ್ದರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸಲ್ಮಾನರೂ ಇದ್ದರು, ಪದ ಕನ್ನಡದ್ದು. (ಶಿಶುನಾಳ ಶರೀಫರೂ ಇಂಥ ಪದ ಕಟ್ಟಿದ್ದಾರೆ.) ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗ ಹುಸೇನರು ಮಡಿದ ಕಥೆ ಅದು. ಹೊಳೆ ಹತ್ತಿರವೇ ಇದ್ದರೂ ಅವರ ಮಕ್ಕಳಿಗೆ ನೀರು ಕೊಡಲಿಲ್ಲ. ಸತ್ತವರು ಮಣ್ಣು ಕಾಣದೆ ಬಯಲಲ್ಲೇ ಬಿದ್ದಿದ್ದರು ಎಂಬ ಮಾತು ಬಂದಾಗ ಆಯಿ ಬಾಯಿಗೆ ಸೆರಗು ಹಿಡಿದಳು. ಆಮೇಲೆ ತಡೆಯಲೇ ಇಲ್ಲ. ಗಂಡನ ಹೆಸರು ಎಂದೂ ಹೇಳದ ಹೆಣ್ಣುಮಗಳು ಅವತ್ತು ಹೆಸರು ಹಿಡಿದು, ಅವರ ರುಮಾಲು, ಅವರ ಎತ್ತು, ಅವರ ಸಿಟ್ಟು ಎಲ್ಲಾ ಹೇಳಿ ಹಾಡ್ಯಾಡಿ ಅತ್ತಳು. ಒಂದು ವರ್ಷ ಮೂರು ತಿಂಗಳ ಅಳು! ಯಾರೂ ಬ್ಯಾಡ ಅನ್ನಲಿಲ್ಲ. ಹಾಡುವವರು ಆಕೆಯನ್ನು ನೋಡಿ, ದನಿ ಇಳಿಸಿ, ಅದೇ ನುಡಿಯನ್ನು ಮತ್ತೊಮ್ಮೆ ಹಾಡಿದರು.

ಆಯಿಯ ದುಃಖ ಪೂರಾ ಹೋಯಿತು ಎಂದು ನಾನು ಹೇಳುವುದಿಲ್ಲ. ರೊಟ್ಟಿ ಈಗಲೂ ಒಮ್ಮೊಮ್ಮೆ ಹೆಚ್ಚಾಗುತ್ತವೆ. ಆದರೆ ಅವತ್ತಿನಿಂದ ಮುತ್ತ್ಯಾನ ಸುದ್ದಿ ತೆಗೆದು ಮಾತಾಡುತ್ತಾಳೆ, ನಗುತ್ತಾಳೆ ಕೂಡ. ತನ್ನವರಿಗಾಗಿ ಅಳಲು ಆಗದಾಕಿ ಯಾವುದೋ ದೇಶದವರ ಸಾವಿನ ಹಾಡಿಗೆ ಅತ್ತಳು. ನೂರು ಮಂದಿ ಸಮಾಧಾನ ಹೇಳಿದರೂ ಅದು ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಕೆಲವು ಮನೆಗಳಲ್ಲಿ ಭಜನೆಯವರ ಬದಲು ಮೊಬೈಲಿನ ಪದ ಸ್ಪೀಕರಿಗೆ ಹಚ್ಚುತ್ತಾರೆ. ಖರ್ಚಿಲ್ಲ, ಖರೆ. ಆದರೆ ಸ್ಪೀಕರ್ ಅಳುವವರ ಮಾರಿ ನೋಡಿ ದನಿ ಇಳಿಸುತ್ತದೇನು?

ನಮ್ಮ ನಾರಾಯಣಪುರದ ಭಜನೆಯವರಲ್ಲಿ ಬಹಳ ಮಂದಿ ಮುದುಕರು. ನಾವೋ, ಪ್ರತಿಭಾ ಕಾರಂಜಿ ಬಂದಾಗ ಬಹುಮಾನಕ್ಕೆಂದು ಒಂದು ಜಾನಪದ ಗೀತೆ ಕಲಿಯುತ್ತೇವೆ, ಆಮೇಲೆ ಮರೆಯುತ್ತೇವೆ. ಗುರುಗಳಲ್ಲಿ ನನ್ನ ವಿನಂತಿ: ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ತಾಸು ಆ ಹಿರಿಯರನ್ನು ಕರೆಸಿರಿ. ಹುಡುಗಿಯರ ಕೈಗೂ ತಾಳ ಕೊಡಿಸಿರಿ. ಗೆಳೆಯರ ಮನೆಯಲ್ಲಿ ಇಂಥ ಭಜನೆ ಇದ್ದ ಮರುದಿನ ತಡವಾಗಿ ಬಂದವರಿಗೆ ಗೈರುಹಾಜರಿ ಹಾಕಬೇಡಿರಿ.

ನಮ್ಮ ವರ್ಗದಲ್ಲಿ ಈ ವರ್ಷ ಅಪ್ಪನನ್ನು ಕಳೆದುಕೊಂಡವನು ಒಬ್ಬನಿದ್ದಾನೆ. ಹೆಸರು ಬರೆಯುವುದಿಲ್ಲ. ಅವನ ಮುಂದೆ ಏನು ಮಾತಾಡಬೇಕೋ ತಿಳಿಯದೆ ನಾವು ಕ್ರಿಕೆಟ್ ಸುದ್ದಿ ತೆಗೆಯುತ್ತೇವೆ. ಅವನ ಅಪ್ಪ ದಮ್ಮಡಿ ಬಾರಿಸುತ್ತಿದ್ದರು. ಆ ದಮ್ಮಡಿ ಅವರ ಮನೆಯ ಗೂಟಕ್ಕೆ ಹಾಂಗೇ ತೂಗಾಡುತ್ತಿದೆ. ಬರುವ ಶನಿವಾರ ಅದನ್ನು ತರುತ್ತೀಯೇನು ಎಂದು ಅವನನ್ನು ಕೇಳಬೇಕೆಂದಿದ್ದೇನೆ. ಒಬ್ಬಳೇ ಕೇಳಲು ಧೈರ್ಯ ಸಾಲದು, ಯಾರಾದರೂ ನನ್ನ ಜೋಡಿ ಬರ್ರಿ.

— 10ನೇ ವರ್ಗದ ಒಬ್ಬ ವಿದ್ಯಾರ್ಥಿನಿ