ಹೇಮಾವತಿಯ ಪಾಲು ಕೇಳಿದವರು ಕೆರೆಯ ನೀರಿನ ಗುಣವನ್ನೂ ಕೇಳೋಣ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರು ನೀರಿಗಾಗಿ ಬೀದಿಗಿಳಿಯುವುದು ಹೊಸದಲ್ಲ. ಗೊರೂರಿನಿಂದ ಬಾಗೂರು–ನವಿಲೆ ಸುರಂಗ ದಾಟಿ ಬರುವ ಹೇಮಾವತಿ ಯಾರಿಗೆ ಎಷ್ಟು ಎಂಬ ಪ್ರಶ್ನೆ ಎತ್ತಿದರೆ ಸಾಕು, ಊರೂರೇ ಎದ್ದು ನಿಲ್ಲುತ್ತದೆ. 2025ರಲ್ಲಿ, ಕುಣಿಗಲ್ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಚಾರವಾಗಿ ಗುಬ್ಬಿ ತಾಲ್ಲೂಕಿನಲ್ಲಿ ನಡೆದ ಹೋರಾಟವನ್ನು ಇಡೀ ರಾಜ್ಯ ನೋಡಿತು. ತಮ್ಮ ಪಾಲು ಕಡಿಮೆಯಾದೀತೆಂದು ಗುಬ್ಬಿಯವರಿಗೆ ಆತಂಕ, ಬರಬೇಕಾದದ್ದು ಬಾರದೆಂದು ಕುಣಿಗಲ್‌ನವರಿಗೆ ಸಂಕಟ, ಎರಡೂ ನಿಜವೇ. ನನ್ನ ಮನವಿ ಈ ಜಗಳದ ಬಗ್ಗೆ ಅಲ್ಲ. ಇಷ್ಟು ಕಷ್ಟಪಟ್ಟು ತರುವ ನೀರು ಬಂದು ನಿಲ್ಲುವುದು ನಮ್ಮ ಕೆರೆಗಳಲ್ಲಿ. ತುಮಕೂರು ನಗರದ ನಲ್ಲಿಗಳಿಗೆ ಹರಿಯುವ ಹೇಮಾವತಿಯೂ ಮೊದಲು ಬುಗುಡನಹಳ್ಳಿ ಕೆರೆಯಲ್ಲಿ ತಂಗಿಯೇ ಬರುತ್ತದೆ. ಟಿಎಂಸಿಯ ಲೆಕ್ಕವನ್ನು ಬಾಯಿಪಾಠ ಹೇಳಬಲ್ಲ ನಾವು, ನಮ್ಮೂರ ಕೆರೆಯ ನೀರಿನಲ್ಲಿ ಏನಿದೆ ಎಂದು ಯಾರನ್ನೂ ಕೇಳಿಲ್ಲ.

ಈಗ ಕೇಳಲೇಬೇಕಾದ ಕಾಲ ಬಂದಿದೆ. ತುಮಕೂರು ಪಕ್ಕದ ವಸಂತನರಸಾಪುರದ ಫುಡ್ ಪಾರ್ಕ್ 2014ರ ಸೆಪ್ಟೆಂಬರ್ 24ರಂದು ಉದ್ಘಾಟನೆಯಾಯಿತು. ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಭಾಗವಾಗಿ ತುಮಕೂರು ಕೈಗಾರಿಕಾ ಟೌನ್‌ಶಿಪ್‌ಗೆ 2020ರ ಡಿಸೆಂಬರ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿ, 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯೂ ಆಗಿದೆ. ಇಂಥ ದೊಡ್ಡ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು, ರಸ್ತೆ, ಗೋದಾಮು ಎದ್ದರೆ ಮಳೆನೀರಿನ ದಾರಿಯೇ ಬದಲಾಗುತ್ತದೆ. ನಮ್ಮ ಕೆರೆಗಳು ಒಂಟಿಯಲ್ಲ. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರಿದರೆ, ಅಲ್ಲೇ ಹುಟ್ಟುವ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಯತ್ತ ಹೋಗುತ್ತದೆ. ತುಮಕೂರು ತಾಲ್ಲೂಕಿನ ಹಳ್ಳಕ್ಕೆ ಬಿದ್ದದ್ದು ಅಲ್ಲೇ ಉಳಿಯುತ್ತದೆ ಎಂದುಕೊಳ್ಳುವ ಹಾಗಿಲ್ಲ.

ಕಾರ್ಖಾನೆಗಳಲ್ಲಿ ಶುದ್ಧೀಕರಣ ಘಟಕ ಇದೆಯಲ್ಲ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಗೊತ್ತುಮಾಡಿದ ಮಿತಿಯೊಳಗೇ ನೀರು ಬಿಡುತ್ತಾರಲ್ಲ ಎಂಬ ಮಾತು ಮೊದಲು ಎದುರಾಗುತ್ತದೆ. ಈ ಮಿತಿ ಏನೆಂದು ತಿಳಿದುಕೊಳ್ಳುವುದು ಒಳ್ಳೆಯದು. ನೀರಿನಲ್ಲಿರುವ ಕೊಳೆಯುವ ಪದಾರ್ಥ ಎಷ್ಟು ಆಮ್ಲಜನಕವನ್ನು ಹೀರುತ್ತದೆ ಎಂಬ ಅಳತೆಗೆ ಬಿಒಡಿ ಎನ್ನುತ್ತಾರೆ. ಹಳ್ಳ, ಕೆರೆ, ನದಿಗೆ ಬಿಡುವ ಶುದ್ಧೀಕರಿಸಿದ ತ್ಯಾಜ್ಯನೀರಿಗೆ ದೇಶದ ಸಾಮಾನ್ಯ ಮಾನದಂಡ ಲೀಟರಿಗೆ 30 ಮಿಲಿಗ್ರಾಂ ಬಿಒಡಿ. ಶುದ್ಧೀಕರಿಸಿ ಕುಡಿಯಲು ಕೊಡಬಹುದಾದ ಜಲಮೂಲದಲ್ಲಾದರೆ ಅದು 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 4 ಮಿಲಿಗ್ರಾಂಗಿಂತ ಕೆಳಗೆ ಇಳಿಯಬಾರದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ. ಎರಡರ ನಡುವೆ ಹತ್ತು ಪಟ್ಟು ಅಂತರ. ಇಂಥ ಮಾನದಂಡಗಳ ಹಿಂದೆ ಒಂದು ನಂಬಿಕೆಯಿದೆ: ಬಿಟ್ಟ ನೀರನ್ನು ತೆಳುವಾಗಿಸುವಷ್ಟು ಶುದ್ಧ ನೀರು ಹೊಳೆಯಲ್ಲಿ ಹರಿಯುತ್ತಿರುತ್ತದೆ ಎಂಬುದು. 1912ರಲ್ಲಿ ಇಂಗ್ಲೆಂಡಿನ ರಾಯಲ್ ಆಯೋಗ 20 ಮಿಲಿಗ್ರಾಂ ಬಿಒಡಿಯ ಮಿತಿ ಸೂಚಿಸಿದಾಗ, ಹೊಳೆಯ ನೀರು ಕನಿಷ್ಠ ಎಂಟು ಪಟ್ಟು ಇರಬೇಕೆಂದು ಲೆಕ್ಕಹಾಕಿತ್ತು. ವರ್ಷದ ಬಹುಪಾಲು ಒಣಗಿರುವ ನಮ್ಮ ಹಳ್ಳಗಳಲ್ಲಿ ಆ ಎಂಟು ಪಟ್ಟು ಎಲ್ಲಿಂದ ಬರಬೇಕು? ಬೇಸಿಗೆಯಲ್ಲಿ ಹಳ್ಳಕ್ಕೆ ಬಿಟ್ಟದ್ದೇ ಹಳ್ಳದ ನೀರು. ಎಲ್ಲ ಕಾರ್ಖಾನೆಯೂ ನಿಯಮ ಪಾಲಿಸಿದರೂ ಕೆರೆ ಕೆಡಬಹುದು. ಇನ್ನು ಘಟಕ ಇರುವುದು ಬೇರೆ, ಅದು ಓಡುವುದು ಬೇರೆ. ಗಾಳಿಯೂದುವ ಯಂತ್ರಕ್ಕೆ ವಿದ್ಯುತ್ತೂ ದುಡ್ಡೂ ಬೇಕು. ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ, ಚಾಲ್ತಿಯಲ್ಲಿರುವ ಶುದ್ಧೀಕರಣ ಘಟಕ ಇಲ್ಲದ ಕೈಗಾರಿಕೆ ನಡೆಯಕೂಡದು ಎಂದು ಆದೇಶಿಸಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಆಹಾರ ತಯಾರಿಸುವ ಕಡೆ ವಿಷ ಎಲ್ಲಿಂದ ಬರುತ್ತದೆ ಎಂದು ಕೆಲವರು ಕೇಳುತ್ತಾರೆ. ವಿಷವೇ ಬೇಕಿಲ್ಲ. ಹಣ್ಣಿನ ರಸ, ಪಿಷ್ಟ, ಎಣ್ಣೆ, ಹಾಲಿನಂಶ ಕೆರೆ ಸೇರಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ, ಮೀನು ತೇಲುತ್ತದೆ. ಕೆರೆಯ ನೀರನ್ನು ಈಗ ಯಾರು ಕುಡಿಯುತ್ತಾರೆ ಎನ್ನುವವರೂ ಇದ್ದಾರೆ. ದನ ಕುರಿ ಕುಡಿಯುತ್ತವೆ. ಕೆರೆಯಿಂದ ಇಂಗಿದ್ದನ್ನೇ ಕೊಳವೆಬಾವಿ ಮೇಲೆತ್ತುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆ ಈಗಾಗಲೇ ಫ್ಲೋರೈಡಿನಿಂದ ಬಳಲುತ್ತಿರುವ ಈ ಜಿಲ್ಲೆಯ ಅಂತರ್ಜಲಕ್ಕೆ ಮತ್ತೊಂದು ಹೊರೆ ಬೇಡ. ಹೂಳಿನ ಮಾತಂತೂ ಯಾರ ಬಾಯಲ್ಲೂ ಬರುವುದಿಲ್ಲ. ಲೋಹ ಬಳಸುವ ಕಾರ್ಖಾನೆಗಳಿಂದ ಹೊರಬೀಳುವ ಭಾರಲೋಹಗಳು ನೀರಿನಲ್ಲಿ ಕಣ್ಮರೆಯಾಗಿ ತಳದ ಕೆಸರಿನಲ್ಲಿ ಕೂರುತ್ತವೆ, ಕೊಳೆತು ಹೋಗುವುದಿಲ್ಲ. ಕೆರೆ ಬತ್ತಿದಾಗ ಅದೇ ಗೋಡನ್ನು ಗಾಡಿ, ಟ್ರ್ಯಾಕ್ಟರುಗಳಲ್ಲಿ ತುಂಬಿ ತೆಂಗಿನ ಬುಡಕ್ಕೆ, ರಾಗಿ ಹೊಲಕ್ಕೆ ಹರಡುವುದು ನಮ್ಮ ರೈತರ ಪದ್ಧತಿ. ತಲೆಮಾರುಗಳಿಂದ ಭೂಮಿಗೆ ಬಲ ಕೊಟ್ಟ ಮಣ್ಣನ್ನು ಮುಟ್ಟಲು ಹೆದರುವ ದಿನ ಬರಬಾರದು.

ಉದ್ಯೋಗದ ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಭೂಮಿ ಬಿಟ್ಟುಕೊಟ್ಟ ಮನೆಗಳ ಮಕ್ಕಳಿಗೆ ಕೆಲಸ ಬೇಕು, ಕಾರ್ಖಾನೆ ಬೇಕು. ಆದರೆ ಕೆಟ್ಟ ಕೆರೆಯನ್ನು ಸರಿಪಡಿಸುವ ಖರ್ಚು ಬೆಂಗಳೂರಿಗೆ ಗೊತ್ತು. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು, ಬೆಂಕಿ ಹೊತ್ತಿಕೊಂಡ ಮೇಲೆ, 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಆ ದುಡ್ಡು ತೆರಿಗೆ ಕಟ್ಟುವವರದೇ. ಅಲ್ಲಿ ಹೆಚ್ಚಿನ ಪಾಲು ಮನೆಗಳ ಒಳಚರಂಡಿ ನೀರಿನದು ಎಂದು ಯಾರಾದರೂ ನೆನಪಿಸಿದರೆ, ಅದೂ ನ್ಯಾಯವೇ. ತುಮಕೂರು ನಗರದ ಕೊಳಚೆ ಭೀಮಸಂದ್ರದ ಕಡೆ ಹರಿಯುತ್ತದೆ. ಕಾರ್ಖಾನೆಯನ್ನು ಪ್ರಶ್ನಿಸುವ ನಗರವಾಸಿ ತನ್ನ ಮನೆಯ ನೀರು ಎಲ್ಲಿಗೆ ಹೋಗುತ್ತದೆ ಎಂದೂ ಪಾಲಿಕೆಯನ್ನು ಕೇಳಬೇಕು.

ಹಾಗಾಗಿ ನಾನು ಕೇಳುವುದು ಕಾರ್ಖಾನೆ ಮುಚ್ಚಿ ಎಂದಲ್ಲ, ಅಳತೆಯನ್ನು ಬಯಲಿಗೆ ತನ್ನಿ ಎಂದು. ಪರೀಕ್ಷೆ ಕಾರ್ಖಾನೆಯ ಕೊಳವೆಯ ಬಾಯಲ್ಲಿ ಮಾತ್ರ ಸಾಲದು, ಕೆರೆಗೆ ನೀರು ಒಳಬರುವ ಜಾಗದಲ್ಲೂ ನಡೆಯಬೇಕು. ಮುಂಗಾರಿಗೆ ಮುಂಚೆ ಒಮ್ಮೆ, ಮೊದಲ ದೊಡ್ಡ ಮಳೆಯ ದಿನ ಒಮ್ಮೆ, ನಡುಬೇಸಿಗೆಯಲ್ಲಿ ಒಮ್ಮೆ ಮಾದರಿ ತೆಗೆಯಲಿ. ಹೂಳೆತ್ತುವ ಮುನ್ನ ಹೂಳನ್ನೂ ಪರೀಕ್ಷಿಸಲಿ. ಫಲಿತಾಂಶವನ್ನು ಕನ್ನಡದಲ್ಲಿ, ಸುರಕ್ಷಿತ ಮಿತಿಯ ಪಕ್ಕದಲ್ಲೇ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಇದು ಬೇಡಿ ಪಡೆಯುವ ಉಪಕಾರವಲ್ಲ. 1974ರ ಜಲಮಾಲಿನ್ಯ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ತ್ಯಾಜ್ಯನೀರು ಬಿಡಲು ವಿಧಿಸಿದ ಷರತ್ತುಗಳ ದಾಖಲೆ ಪುಸ್ತಕವನ್ನು ರಾಜ್ಯ ಮಂಡಳಿ ಇಡಲೇಬೇಕು. ಆ ತ್ಯಾಜ್ಯನೀರಿನಿಂದ ಬಾಧಿತರಾದ ಯಾರು ಬೇಕಾದರೂ ಪುಸ್ತಕವನ್ನು ನೋಡಬಹುದು. ವಸಂತನರಸಾಪುರದ ಸುತ್ತಲಿನ ಹಳ್ಳಿಗಳ ಯುವಕ ಯುವತಿಯರು ಒಂದು ಗುಂಪಾಗಿ ಹೋಗಿ ಆ ಪುಸ್ತಕ ತೆರೆಸಿ ಓದಲಿ. ಗುಬ್ಬಿ, ಕುಣಿಗಲ್‌ನ ರೈತ ಸಂಘಟನೆಗಳು ಹೇಮಾವತಿಯ ಸಭೆಗಳಲ್ಲಿ ಪಾಲಿನ ಬೇಡಿಕೆಯ ಕೆಳಗೇ ಈ ಬೇಡಿಕೆಯನ್ನೂ ಬರೆಯಲಿ. ಮುಂದಿನ ಗ್ರಾಮಸಭೆಗೆ ಬರುವವರು ಕೆರೆಯ ನೀರಿನ ಪರೀಕ್ಷೆಯನ್ನು ಕಾರ್ಯಸೂಚಿಗೆ ಸೇರಿಸಿ, ನಿರ್ಣಯ ಮಾಡಿಸಿ, ನಡಾವಳಿಯ ಪ್ರತಿ ಪಡೆದೇ ಮನೆಗೆ ಹೋಗಿ.