ಮೊದಲ ವೆಲ್ಡಿಂಗ್ ಯಂತ್ರ ಕೊಳ್ಳುವ ಮುನ್ನ

ಮಗ ವೆಲ್ಡಿಂಗ್ ಯಂತ್ರ ಕೊಡಿಸಿ ಎಂದು ದುಂಬಾಲು ಬಿದ್ದಿದ್ದಾನೆಯೇ? ಗದರಿಸಬೇಡಿ. ಆಂಡರ್ಸನ್‌ಪೇಟೆಯಂತಹ ಕಡೆ ಇದು ಬರೀ ಹುಡುಗಾಟವಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಎಷ್ಟೋ ಮಂದಿ ಮುಂಜಾನೆಯೇ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಊರಲ್ಲೇ ಒಂದು ಕಸುಬು ಕೈಗೆ ಹತ್ತಿದರೆ ಒಳ್ಳೆಯದೇ. ಆದರೆ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಮೊದಲನೆಯದು, ಏನನ್ನು ಬೆಸೆಯಬೇಕು? ಗೇಟು, ಕಿಟಕಿಯ ಸರಳು, ಗಾಡಿಯ ಕ್ಯಾರಿಯರ್, ಸ್ಟ್ಯಾಂಡುಗಳಿಗೆ ರಾಡ್ ಹಾಕುವ ಸಣ್ಣ ಇನ್ವರ್ಟರ್ ಯಂತ್ರ ಸಾಕು. ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರಕ್ಕಿಂತ ಹಗುರ, ಕರೆಂಟೂ ಕಡಿಮೆ. ಆದರೆ ಕಾರಿನ ಬಾಡಿ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಹೊಸಬನ ಕೈಯಲ್ಲಿ ರಾಡ್ ಅದನ್ನು ತೂತು ಮಾಡುತ್ತದೆ. ಅದಕ್ಕೆ ತಂತಿ ಬಳಸುವ ಮಿಗ್ ಯಂತ್ರವೇ ಸರಿ. ಅದು ದುಬಾರಿ, ಸಾಮಾನ್ಯವಾಗಿ ಗ್ಯಾಸ್ ಸಿಲಿಂಡರೂ ಬೇಕು. ಕಲಿಯುವವನಿಗೆ ರಾಡ್ ಯಂತ್ರದಿಂದ ಆರಂಭಿಸುವುದೇ ಲೇಸು.

ಎರಡನೆಯದು, ಮನೆಯ ವೈರಿಂಗ್ ತಡೆದೀತೇ? 2.5 ಮಿ.ಮೀ. ರಾಡಿಗೆ 60ರಿಂದ 90 ಆಂಪಿಯರ್ ಸಾಕು. ದೊಡ್ಡ ಅಂಕಿ ಬರೆದ ಪೆಟ್ಟಿಗೆಗೆ ಮರುಳಾಗಬೇಡಿ. ಅಷ್ಟಕ್ಕೂ 16 ಆಂಪಿಯರಿನ ಪ್ಲಗ್, ದಪ್ಪ ವೈರು, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಇಸ್ತ್ರಿ ಪೆಟ್ಟಿಗೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ವೈರು ಸುಟ್ಟೀತು. ‘ಡ್ಯೂಟಿ ಸೈಕಲ್’ ಎಷ್ಟೆಂದೂ ಕೇಳಿ. ಶೇ. 60 ಎಂದರೆ ಆ ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಆರು ನಿಮಿಷ ಕೆಲಸ, ನಾಲ್ಕು ನಿಮಿಷ ವಿಶ್ರಾಂತಿ.

ಮೂರನೆಯದು, ಕಣ್ಣು ಕಾಯುವವರು ಯಾರು? ಕಪ್ಪು ಕನ್ನಡಕ ಸಾಲದು. ಮುಖ ಪೂರ್ತಿ ಮುಚ್ಚುವ, 10 ಅಥವಾ 11ನೇ ನಂಬರಿನ ಗಾಜಿನ ಹೆಲ್ಮೆಟ್ಟೇ ಬೇಕು. ಬರಿಗಣ್ಣಿಗೆ ಕಿಡಿಯ ಬೆಳಕು ಬಿದ್ದರೆ ಆಗ ಏನೂ ಅನಿಸುವುದಿಲ್ಲ. ಕೆಲವು ಗಂಟೆ ಕಳೆದು, ರಾತ್ರಿ ಮಲಗಿದಾಗ, ಮರಳು ತುಂಬಿದಂತೆ ಉರಿಯುತ್ತದೆ. ಆಗ ಮನೆಮದ್ದು ಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಪಕ್ಕದಲ್ಲಿ ನಿಂತು ನೋಡುವ ಪುಟ್ಟ ತಂಗಿಗೂ ಇದೇ ಅಪಾಯ. ದಪ್ಪ ಹತ್ತಿಯ ಬಟ್ಟೆ, ತೊಗಲಿನ ಕೈಚೀಲ, ಗಾಳಿಯಾಡುವ ಜಾಗ ಇರಲಿ. ಸತುವಿನ ಲೇಪವಿರುವ ಪೈಪಿನ ಹೊಗೆ ಜ್ವರ ತರಿಸುತ್ತದೆ.

ಗಾಡಿಗೆ ಕೈ ಹಾಕುವ ಮುನ್ನ ಬ್ಯಾಟರಿಯ ಸಂಪರ್ಕ ಬಿಚ್ಚಿಸಿ. ಪೆಟ್ರೋಲ್ ಟ್ಯಾಂಕ್ ಖಾಲಿಯಿದ್ದರೂ ಮುಟ್ಟಕೂಡದು. ಒಳಗಿನ ಆವಿ ಸಿಡಿಯುತ್ತದೆ. ಚಾಸಿ, ಸ್ಟಿಯರಿಂಗ್, ಬೈಕಿನ ಫ್ರೇಮು ನುರಿತವರಿಗೇ ಇರಲಿ. ಅಲ್ಲಿ ಬೆಸುಗೆ ಬಿಟ್ಟರೆ ಹೋಗುವುದು ಜೀವ.

ಹಣ ಸಾಲದಿದ್ದರೆ ಯಂತ್ರವನ್ನು ಮುಂದಿನ ತಿಂಗಳಿಗೆ ಹಾಕಿ, ಹೆಲ್ಮೆಟ್ಟನ್ನಲ್ಲ. ಮೊದಲು ಗುಜರಿ ಚೂರುಗಳ ಮೇಲೆ ಕೈ ಪಳಗಲಿ. ಆಸಕ್ತಿ ಉಳಿದರೆ ಐಟಿಐಯಲ್ಲಿ ಒಂದು ವರ್ಷದ ವೆಲ್ಡರ್ ತರಬೇತಿಯಿದೆ. ಯಂತ್ರ ಕೆಟ್ಟರೆ ಇನ್ನೊಂದು ತರಬಹುದು. ದುಡಿಯಬೇಕಾದ ಕಣ್ಣನ್ನು ಯಾವ ಅಂಗಡಿಯಿಂದ ತರುವಿರಿ?