ಯಂತ್ರವೂ ಅದರ ಒಡೆಯನೂ

ಕೆಟ್ಟ ಸಾಮಾನನ್ನು ರಿಪೇರಿ ಮಾಡಿಸುವುದೋ, ಬಿಸುಟು ಹೊಸದನ್ನು ಕೊಳ್ಳುವುದೋ ಎಂಬುದು ಆಯಾ ಮನೆಯವರು ನಿರ್ಧರಿಸತಕ್ಕ ವಿಷಯ. ಅದಕ್ಕೆ ಅಗ್ರಲೇಖನದಲ್ಲಿ ಸ್ಥಳವೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳದಿರಲಾರರು. ಒಂದು ಮನೆಯಲ್ಲಿ ನಡೆದಾಗ ಅದು ಮನೆವಾರ್ತೆಯೇ ಸರಿ. ಆದರೆ ದೇಶದ ಮನೆಮನೆಗಳಲ್ಲಿಯೂ ಬಿಸುಡುವುದೇ ರೂಢಿಯಾಗಿ, ಬಿಚ್ಚಿ ನೋಡುವುದು ಅಪರಾಧವೆಂಬ ಭಾವನೆ ಬೇರೂರಿತೆಂದರೆ ಅದು ರಾಷ್ಟ್ರದ ಪ್ರಶ್ನೆಯಾಗುತ್ತದೆ. ಬೆಲೆ ತೆತ್ತು ಕೊಂಡ ಯಂತ್ರವನ್ನು ತೆರೆದು ನೋಡಲೂ, ತಿದ್ದಿಕೊಳ್ಳಲೂ, ತನಗೆ ಬೇಕಾದವರಿಂದ ತಿದ್ದಿಸಿಕೊಳ್ಳಲೂ ಅವಕಾಶವಿಲ್ಲದವನು ಆ ಯಂತ್ರದ ಒಡೆಯನಲ್ಲ, ಅದರ ಬಾಡಿಗೆದಾರ ಮಾತ್ರ. ಇದೇ ನಾವು ಇಂದು ಹೇಳಬೇಕಾಗಿರುವ ಮಾತು.

ಇದು ವಿದ್ವಾಂಸರ ಗೋಷ್ಠಿಗೆ ಮೀಸಲಾದ ತತ್ತ್ವವಲ್ಲ. ಪ್ರತಿಯೊಬ್ಬರ ಚಾವಣಿಯಲ್ಲಿಯೇ ತೂಗುತ್ತಿರುವ ವಿಷಯ. ಬೇಸಗೆಯಲ್ಲಿ ಫ್ಯಾನು ಮಂದಗತಿಯಿಂದ ತಿರುಗತೊಡಗಿದರೆ ಅನೇಕ ವೇಳೆ ದೋಷವು ಮೋಟಾರಿನದಾಗಿರುವುದಿಲ್ಲ. ಅದರೊಡನೆ ಜೋಡಿಸಿರುವ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಪ್ರಮಾಣದ ಪುಟ್ಟ ಕೆಪಾಸಿಟರು ಸತ್ತ್ವಗುಂದಿರುತ್ತದೆ. ವಿದ್ಯುತ್ತಿನ ಸರಬರಾಜನ್ನು ಮೊದಲು ನಿಲ್ಲಿಸಿ, ಅಲ್ಪ ಬೆಲೆಯ ಆ ಒಂದು ಭಾಗವನ್ನು ಬದಲಾಯಿಸಿದರೆ ಹಳೆಯ ಫ್ಯಾನು ಮತ್ತೆ ಮೊದಲಿನಂತೆ ಗಾಳಿ ಬೀಸುತ್ತದೆ. ಆರಿಹೋದ ಎಲ್‌ಇಡಿ ಬಲ್ಬಿನ ಕಥೆಯೂ ಬಹುಮಟ್ಟಿಗೆ ಹೀಗೆಯೇ. ಅದರೊಳಗೆ ಕಾಳಿನಷ್ಟು ಚಿಕ್ಕವಾದ ಹಲವು ದೀಪಗಳನ್ನು ಸರಪಣಿಯಂತೆ ಒಂದರ ಹಿಂದೊಂದಾಗಿ ಜೋಡಿಸಿರುತ್ತಾರೆ. ಒಂದು ಕೊಂಡಿ ಕಡಿದೊಡನೆ ಎಲ್ಲವೂ ಆರುತ್ತವೆ. ಉಳಿದವೆಲ್ಲ ಜೀವಂತವಾಗಿದ್ದರೂ ನಾವು ಇಡೀ ಬಲ್ಬನ್ನು ಕಸಕ್ಕೆ ಎಸೆಯುತ್ತೇವೆ. ಕೆಟ್ಟ ಒಂದನ್ನು ಹುಡುಕಿ, ಬೆಸುಗೆ ಬಿಡಿಸಿ, ಬದಲಾಯಿಸಬಲ್ಲ ಹುಡುಗನೊಬ್ಬನು ಬೀದಿಯಲ್ಲಿದ್ದರೆ ಆ ಬಲ್ಬು ಪುನಃ ಬೆಳಗುತ್ತದೆ. ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ವಿದ್ಯುನ್ಮಂಡಲವೆಂದರೇನೆಂಬುದನ್ನು ಆ ಹುಡುಗನು ಪರೀಕ್ಷೆಗಾಗಿ ಬಾಯಿಪಾಠ ಮಾಡದೆ ಕೈಯಾರೆ ಕಲಿತಿರುತ್ತಾನೆ.

ಈ ಸೂಕ್ಷ್ಮವನ್ನು ನಮ್ಮ ಸ್ವಾತಂತ್ರ್ಯ ಸಂಗ್ರಾಮದ ನಾಯಕರು ಚೆನ್ನಾಗಿ ಅರಿತಿದ್ದರು. 1929ರಲ್ಲಿ ಗಾಂಧೀಜಿಯವರ ಮಾರ್ಗದರ್ಶನದಲ್ಲಿದ್ದ ಅಖಿಲ ಭಾರತ ಚರಖಾ ಸಂಘವು, ಸುಧಾರಿಸಿದ ಚರಖವೊಂದನ್ನು ರಚಿಸಿಕೊಟ್ಟವರಿಗೆ 1 ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಅದರ ಷರತ್ತುಗಳು ಇಂದಿಗೂ ಮನನಯೋಗ್ಯವಾಗಿವೆ. ಯಂತ್ರದ ಬೆಲೆ 150 ರೂಪಾಯಿಗಳನ್ನು ಮೀರಕೂಡದು. ಸಕಾಲದಲ್ಲಿ ದುರಸ್ತು ಮಾಡುತ್ತಿದ್ದರೆ ಅದು 20 ವರ್ಷಗಳವರೆಗಾದರೂ ನಡೆಯಬೇಕು. ಆ ದುರಸ್ತಿಗೆ ತಗಲುವ ಖರ್ಚು ವರ್ಷಕ್ಕೆ ಯಂತ್ರದ ಬೆಲೆಯ ನೂರಕ್ಕೆ 5 ಪಾಲನ್ನು ದಾಟಕೂಡದು. ಅಂದರೆ 150 ರೂಪಾಯಿನ ಯಂತ್ರಕ್ಕೆ ವರ್ಷಕ್ಕೆ ಏಳೂವರೆ ರೂಪಾಯಿ. ಷರತ್ತುಗಳು ಕಠಿಣವಾಗಿದ್ದುವು, ಬಹುಮಾನವು ಯಾರ ಪಾಲಿಗೂ ಬರಲಿಲ್ಲ. ಆದರೂ ಗಾಂಧೀಜಿಯವರನ್ನು ಯಂತ್ರದ್ವೇಷಿಗಳೆಂದು ಹಳಿಯುವವರು ಈ ಷರತ್ತುಗಳನ್ನು ಒಮ್ಮೆ ಓದಿನೋಡಬೇಕು. ಯಂತ್ರವನ್ನು ಕೊಳ್ಳುವ ಮೊದಲೇ ಅದರ ದುರಸ್ತಿಯ ಲೆಕ್ಕವನ್ನು ಕೇಳಿದ ದೂರದೃಷ್ಟಿ ಅದು. ಇಂದು ಶಾಲೆಗಳಿಗೂ ಕಚೇರಿಗಳಿಗೂ ಕಂಪ್ಯೂಟರುಗಳನ್ನು ಕೊಳ್ಳಲು ಟೆಂಡರು ಕರೆಯುವ ಅಧಿಕಾರಿಗಳು ಬೆಲೆಯನ್ನು ಕೇಳುವಷ್ಟೇ ಕಟ್ಟುನಿಟ್ಟಾಗಿ ಈ ಲೆಕ್ಕವನ್ನೂ ಕೇಳುತ್ತಾರೆಯೇ?

ಯಂತ್ರದ ಒಳಹೊಕ್ಕು ನೋಡುವ ಕುತೂಹಲದಿಂದ ಏನಾಗಬಲ್ಲದೆಂಬುದಕ್ಕೆ ದೃಷ್ಟಾಂತವನ್ನು ಅರಸಿ ನಾವು ಪರದೇಶಗಳಿಗೆ ಹೋಗಬೇಕಾಗಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ರೇಡಿಯೋ ಕೇಂದ್ರವನ್ನು ಸ್ಥಾಪಿಸಿದರು. ಅದರ ಪ್ರೇಷಕಯಂತ್ರದ ಶಕ್ತಿ ಕೇವಲ 30 ವ್ಯಾಟ್; ಹಳೆಯ ಕಾಲದ 40 ವ್ಯಾಟ್ ಬಲ್ಬಿನದಕ್ಕಿಂತಲೂ ಚಿಕ್ಕ ಅಂಕಿ! ಅವರ ಶಾಸ್ತ್ರ ಮನಸ್ಸಿನದು, ವಿದ್ಯುತ್ತಿನದಲ್ಲ. ಆದರೂ ಇದು ತಮ್ಮ ಕೆಲಸವಲ್ಲವೆಂದು ಅವರು ಹಿಂದೆಗೆಯಲಿಲ್ಲ. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಸ್ವತಂತ್ರ ಭಾರತದ ರೇಡಿಯೋ ಸಂಸ್ಥೆಯ ಹೆಸರಾಯಿತು. ಹವ್ಯಾಸವೆಂದು ಹಗುರವಾಗಿ ಕಾಣುವ ಕೆಲಸವು ದೇಶದ ಭಂಡಾರಕ್ಕೆ ಏನನ್ನು ಸೇರಿಸಬಲ್ಲದೆಂಬುದು ಇದರಿಂದ ವಿದಿತವಾಗುತ್ತದೆ.

ಆ ಕಾಲದ ಯಂತ್ರಗಳಾದರೋ ಕುತೂಹಲಿಗೆ ಬಾಗಿಲು ತೆರೆದಿದ್ದುವು. ಎಷ್ಟೋ ವಾಲ್ವ್ ರೇಡಿಯೋಗಳ ಪೆಟ್ಟಿಗೆಯೊಳಗೆ ಜೋಡಣೆಯ ನಕ್ಷೆಯನ್ನು ಕಂಪನಿಯವರೇ ಅಂಟಿಸಿ ಕೊಡುತ್ತಿದ್ದರು. ಇಂದಿನ ಮೊಬೈಲಿನ ಸ್ಥಿತಿ ಹಾಗಿಲ್ಲ. ಅನೇಕ ಮೊಬೈಲುಗಳಲ್ಲಿ ಬ್ಯಾಟರಿಯನ್ನು ಅಂಟಿನಿಂದ ಬಿಗಿದಿರುತ್ತಾರೆ. ತಿರುಪುಗಳಿಗೆ ಪೇಟೆಯಲ್ಲಿ ಸುಲಭವಾಗಿ ಸಿಕ್ಕದ ಸಾಧನಗಳು ಬೇಕು. ಕೆಲವಂತೂ ಅದೇ ಮಾದರಿಯ ಇನ್ನೊಂದು ಮೊಬೈಲಿನಿಂದ ತೆಗೆದ ಅಸಲು ಭಾಗವನ್ನು ಹಾಕಿದರೂ, ತಂತ್ರಾಂಶದ ಬೀಗದಿಂದಾಗಿ, ಅದನ್ನು ತನ್ನದೆಂದು ಒಪ್ಪುವುದಿಲ್ಲ. ಇದು ಯಂತ್ರದ ಸ್ವಭಾವವಲ್ಲ, ಮಾರುವವನ ಇಚ್ಛೆ.

ಇದಕ್ಕೆ ಹೇಳುವ ಆಕ್ಷೇಪಣೆಗಳನ್ನು ನಾವು ಅರಿಯದವರಲ್ಲ. ಅರೆತಿಳಿದವರು ವಿದ್ಯುದ್ಯಂತ್ರಗಳನ್ನು ಬಿಚ್ಚಿದರೆ ಪ್ರಾಣಾಪಾಯವುಂಟು ಎನ್ನುತ್ತಾರೆ. ನಿಜ. ಮೈಕ್ರೋವೇವ್ ಒಲೆಯೊಳಗಿನ ಕೆಪಾಸಿಟರು ಸಂಪರ್ಕ ಕಿತ್ತ ಮೇಲೆಯೂ ಮಾರಕವಾದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲುದು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಿದರೆ ಅದು ಹೊತ್ತಿಕೊಳ್ಳಬಲ್ಲುದು. ಆದರೆ ಅಪಾಯಕ್ಕೆ ಮದ್ದು ಶಿಕ್ಷಣವೇ ಹೊರತು ಅಜ್ಞಾನವಲ್ಲ. ಕೆರೆಯಲ್ಲಿ ಮುಳುಗುವ ಭಯವಿದೆಯೆಂದು ಈಜನ್ನೇ ಕಲಿಸದಿರುವುದು ಯಾವ ನ್ಯಾಯ? ಕೂದಲೆಳೆಗಿಂತ ಸೂಕ್ಷ್ಮವಾದ ಇಂದಿನ ಚಿಪ್ಪುಗಳನ್ನು ಬೀದಿಯ ಅಂಗಡಿಯಲ್ಲಿ ತಿದ್ದಲಾದೀತೇ ಎಂಬುದು ಇನ್ನೊಂದು ಆಕ್ಷೇಪಣೆ. ಚಿಪ್ಪಿನ ಒಳಗನ್ನು ತಿದ್ದಲಾಗದು, ಒಪ್ಪಿದೆವು. ಆದರೆ ಬಳಕೆಯಿಂದ ಸವೆಯುವುದು ಬ್ಯಾಟರಿ. ಕೈಜಾರಿ ಬಿದ್ದಾಗ ಒಡೆಯುವುದು ಗಾಜು. ಸಡಿಲವಾಗುವುದು ಚಾರ್ಜು ಮಾಡುವ ಕಿಂಡಿ. ಇವನ್ನು ಬದಲಾಯಿಸಲು ಬೇಕಾದದ್ದು ಪಳಗಿದ ಕೈ ಮತ್ತು ಸಿಕ್ಕುವ ಬಿಡಿಭಾಗ ಮಾತ್ರ.

ಸರ್ಕಾರವು ಈ ವಿಷಯದಲ್ಲಿ ಕಣ್ಣು ಮುಚ್ಚಿ ಕುಳಿತಿದೆಯೆಂದು ನಾವು ದೂರುವುದಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಆ ಬಗ್ಗೆ ಪೋರ್ಟಲನ್ನೂ ತೆರೆಯಿತು. ಶಾಲೆಗಳಲ್ಲಿ 10,000 ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳು ಸ್ಥಾಪಿತವಾದ ಮೇಲೆ, ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಪ್ರಯೋಗಶಾಲೆಗಳನ್ನು ಸ್ಥಾಪಿಸುವುದಾಗಿ 2025ರ ಬಜೆಟ್ಟಿನಲ್ಲಿ ಸಾರಲಾಯಿತು. ಇವು ಅಭಿನಂದನೀಯ. ಆದರೆ ಪೋರ್ಟಲು ತಿಳಿಸಬಲ್ಲುದು, ಆಜ್ಞಾಪಿಸಲಾರದು. ಪ್ರಯೋಗಶಾಲೆಯಾದರೂ ಕಟ್ಟಡದಿಂದ ಆಗುವುದಲ್ಲ. ಮಕ್ಕಳು ಹಾಳುಮಾಡಿದರೆ ಲೆಕ್ಕ ಕೊಡುವವರಾರು ಎಂಬ ಭಯದಿಂದ ಸಲಕರಣೆಗಳನ್ನು ಬೀರುವಿನಲ್ಲಿಟ್ಟು, ಪರಿವೀಕ್ಷಕರು ಬಂದ ದಿನ ಮಾತ್ರ ಹೊರತೆಗೆದರೆ ಅದು ಪ್ರಯೋಗಶಾಲೆಯಲ್ಲ, ಪ್ರದರ್ಶನ. ಕೆಡಿಸಲು ಅನುಮತಿಯಿಲ್ಲದ ಕಡೆ ಕಲಿಯಲೂ ಅನುಮತಿಯಿಲ್ಲವೆಂದೇ ತಿಳಿಯಬೇಕು.

ಆದುದರಿಂದ ಮೂರು ವಿಷಯಗಳತ್ತ ನಾವು ಅಧಿಕಾರಿವರ್ಗದ ಗಮನವನ್ನು ಸೆಳೆಯಲಿಚ್ಛಿಸುತ್ತೇವೆ. ಸರ್ಕಾರದ ಹಣದಿಂದ ಕೊಳ್ಳುವ ಪ್ರತಿಯೊಂದು ವಿದ್ಯುದುಪಕರಣಕ್ಕೂ ಜೋಡಣೆಯ ನಕ್ಷೆಯನ್ನು ಕೊಡಬೇಕೆಂದೂ, ನಿಯಮಿತ ವರ್ಷಗಳವರೆಗೆ ಬಿಡಿಭಾಗಗಳನ್ನು ಒದಗಿಸಬೇಕೆಂದೂ ಟೆಂಡರಿನಲ್ಲಿಯೇ ಷರತ್ತು ವಿಧಿಸುವುದು; ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಶಾಲೆಯ ಪ್ರಯೋಗಶಾಲೆಯನ್ನು ರಜಾದಿನಗಳಲ್ಲಿಯೂ ತೆರೆದು, ಊರಿನ ರೇಡಿಯೋ, ಮೊಬೈಲು ರಿಪೇರಿಯವರನ್ನು ಗೌರವಧನ ಕೊಟ್ಟು ಗುರುಗಳಾಗಿ ಕರೆಯುವುದು. ಮಕ್ಕಳು ಬಿಚ್ಚಿ ಕಲಿಯುವುದಕ್ಕಾಗಿಯೇ ಇಂತಿಷ್ಟು ಸಾಮಾನನ್ನು ಪ್ರತಿ ವರ್ಷವೂ ಲೆಕ್ಕದಿಂದ ವಜಾ ಮಾಡಲು ಮುಖ್ಯೋಪಾಧ್ಯಾಯರಿಗೆ ಅಧಿಕಾರ ಕೊಡುವುದು.

ಇನ್ನು ನಮ್ಮ ನಾಗರಿಕರಿಗೂ ಒಂದು ಮಾತು. ಮಗನೋ ಮಗಳೋ ಕೆಟ್ಟ ಟಾರ್ಚನ್ನು ಬಿಚ್ಚಿ ಹರಡಿಕೊಂಡು ಕುಳಿತಾಗ, ಓದನ್ನು ಬಿಟ್ಟು ಇದೇನೆಂದು ಗದರಿಸದಿರಿ, ಅದೂ ಓದೇ. ದೇಶದಲ್ಲಿ ತಯಾರಾದ ಮಾತ್ರಕ್ಕೆ ಸಾಮಾನು ಸ್ವದೇಶಿಯಾಗುವುದಿಲ್ಲ. ದೇಶದ ಜನರಿಗೆ ಅದರ ಒಳಗು ತಿಳಿದಾಗ ಸ್ವದೇಶಿಯಾಗುತ್ತದೆ. ತಿರುಪುಳಿಯನ್ನು ಹಿಡಿಯಲು ಅಂಜದ ಕೈಗಳು ಊರೂರಿನಲ್ಲಿಯೂ ಹೆಚ್ಚಲೆಂದು ನಾವು ಹಾರೈಸುತ್ತೇವೆ.